ಗುಪ್ತಚರ ಸಂಸ್ಥೆಗೊಂದು ಕಾಯ್ದೆ ಬರೆಯುವುದು ಹೇಗೆ? ಕರಡು ಹಿಡಿದು ಕೂತವರಿಗೆ ಸಮಗ್ರ ಮಾರ್ಗದರ್ಶಿ

ದೇಶದೊಳಗಿನ ಗುಪ್ತಚರ ಕೆಲಸ ನೋಡುವ ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿ, ಶುರುವಾಗಿದ್ದು 1887ರ ಡಿಸೆಂಬರ್ 23ರ ಒಂದು ಆದೇಶದಿಂದ. ಆ ಆದೇಶ ಬಂದದ್ದು ಲಂಡನ್ನಿನಲ್ಲಿ ಕೂತು ಭಾರತದ ವ್ಯವಹಾರ ನೋಡುತ್ತಿದ್ದ ಬ್ರಿಟಿಷ್ ಮಂತ್ರಿಯಿಂದ. ಹೊರದೇಶಗಳ ಗುಪ್ತಚರ ಕೆಲಸ ನೋಡುವ 'ರಾ' ಹುಟ್ಟಿದ್ದು 1968ರ ಸೆಪ್ಟೆಂಬರ್ 21ರಂದು. ಅದೂ ಸರ್ಕಾರಿ ಆದೇಶದ ಮೇಲೆಯೇ. ಆರ್.ಎನ್. ಕಾವ್ ಅದರ ಮೊದಲ ಮುಖ್ಯಸ್ಥರು. ಈ ಎರಡು ಸಂಸ್ಥೆಗಳನ್ನು ಸ್ಥಾಪಿಸುವ, ಅವುಗಳ ಕೆಲಸ ಇಂಥದ್ದು ಎಂದು ಹೇಳುವ ಕಾಯ್ದೆಯನ್ನು ಸಂಸತ್ತು ಇವತ್ತಿನವರೆಗೆ ಪಾಸು ಮಾಡಿಲ್ಲ. ನಮ್ಮ ಎಪಿಎಂಸಿಗೆ ಕಾಯ್ದೆ ಇದೆ, ಹಾಲಿನ ಸಹಕಾರ ಸಂಘಕ್ಕೆ ಕಾಯ್ದೆ ಇದೆ. ದೇಶದ ಗುಟ್ಟು ಕಾಯುವವರಿಗೆ ಇಲ್ಲ.

ಈ ಪ್ರಶ್ನೆ ಕೋರ್ಟಿಗೂ ಹೋಗಿ ಬಂದಿದೆ. ಐಬಿಯಿಂದಲೇ ನಿವೃತ್ತರಾದ ಅಧಿಕಾರಿಯೊಬ್ಬರು ಸಂಸ್ಥೆಗೆ ಕಾನೂನಿನ ಬುಡ ಎಲ್ಲಿದೆ ಎಂದು ಕೇಳಿ ಕರ್ನಾಟಕ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ಗುಪ್ತಚರ ಸಂಸ್ಥೆಗಳ ಮೇಲೆ ಸಂಸತ್ತಿನ ಕಣ್ಣು ಇರಬೇಕು ಎಂಬ ಇನ್ನೊಂದು ಅರ್ಜಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತಳ್ಳಿಹಾಕಿತು. ಅಲ್ಲಿಗೆ ಚೆಂಡು ಸಂಸತ್ತಿನ ಅಂಗಳಕ್ಕೇ ಬಂತು. ಯಾರೋ ಒಬ್ಬರು ಕೂತು ಬರೆಯಲೇಬೇಕು.

ಸಂಸದರ ಕಚೇರಿಯಲ್ಲಿ ಕರಡು ತಯಾರಿಸುವವರು, ಕಾನೂನು ವಿದ್ಯಾರ್ಥಿಗಳು, ಮಸೂದೆ ಓದಿ ಸಾರ್ವಜನಿಕ ಅಭಿಪ್ರಾಯ ಕಳಿಸುವವರು, ಇವರೆಲ್ಲರಿಗಾಗಿ ಈ ಬರಹ. ಐಬಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರತಿ ಸೆಕ್ಷನ್ ಬರೆದಾಗಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಸಹಿ ಯಾರದ್ದು? ಆ ಕಾಗದ ಎಲ್ಲಿ ಉಳಿಯುತ್ತದೆ? ಸಹಿ ಹಾಕಿದವರನ್ನು ಬಿಟ್ಟು ಅದನ್ನು ಓದುವ ಇನ್ನೊಬ್ಬರು ಯಾರು? ಮೂರಕ್ಕೂ ಉತ್ತರ ಕೊಡದ ಸೆಕ್ಷನ್ ಎಷ್ಟೇ ಚೆಂದದ ಭಾಷೆಯಲ್ಲಿದ್ದರೂ ಸುಮ್ನೆ ಜಾಗ ತುಂಬಿಸುತ್ತದೆ ಅಷ್ಟೇ.

ಹಂತ 1: ಈಗಾಗಲೇ ಏನಿದೆ ಎಂದು ಹರಡಿಕೊಂಡು ನೋಡಿ

ಕಾಯ್ದೆ ಇಲ್ಲ ಎಂದ ಮಾತ್ರಕ್ಕೆ ಕಾನೂನೇ ಇಲ್ಲ ಎಂದಲ್ಲ. ಚೂರುಪಾರು ಇದೆ. ಬರೆಯುವ ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಳ್ಳಿ.

ಸಂವಿಧಾನದ 33ನೇ ವಿಧಿಯನ್ನು 1984ರಲ್ಲಿ 50ನೇ ತಿದ್ದುಪಡಿ ಮೂಲಕ ಹಿಗ್ಗಿಸಲಾಯಿತು. ಸೇನೆಯವರ ಹಾಗೆ ಗುಪ್ತಚರ ನೌಕರರ ಮೂಲಭೂತ ಹಕ್ಕುಗಳನ್ನೂ ಮಿತಿಗೊಳಿಸುವ ಅಧಿಕಾರ ಸಂಸತ್ತಿಗೆ ಸಿಕ್ಕಿತು. ಮರುವರ್ಷವೇ, 1985ರಲ್ಲಿ, ಆ ಹಕ್ಕುಗಳನ್ನು ನಿರ್ಬಂಧಿಸುವ ಕಾಯ್ದೆ ಬಂತು. ಸಂಘ ಕಟ್ಟಬಾರದು, ಅನುಮತಿಯಿಲ್ಲದೆ ಪತ್ರಿಕೆಗಳ ಜೊತೆ ಮಾತಾಡಬಾರದು, ಹೀಗೆ. ತಮಾಷೆ ನೋಡಿ: ಗುಪ್ತಚರ ನೌಕರ ಏನು ಮಾಡಬಾರದು ಎಂದು ಹೇಳುವ ಕಾಯ್ದೆ ಇದೆ. ಸಂಸ್ಥೆ ಏನು ಮಾಡಬೇಕು ಎಂದು ಹೇಳುವುದು ಇಲ್ಲ.

ಇನ್ನುಳಿದವು: 1923ರ ಅಧಿಕೃತ ರಹಸ್ಯಗಳ ಕಾಯ್ದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಇದು ಎರಡನೇ ಅನುಸೂಚಿಯಲ್ಲಿರುವ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡುತ್ತದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಈ ರಕ್ಷಣೆ ಇಲ್ಲ. ಕಂಪ್ಯೂಟರ್‌ಗಳಲ್ಲಿನ ಮಾಹಿತಿಯನ್ನು ಕದ್ದು ನೋಡಲು ಬಿಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್, ಮತ್ತು ಅದರಡಿ 2018ರ ಡಿಸೆಂಬರ್‌ನಲ್ಲಿ 10 ಸಂಸ್ಥೆಗಳಿಗೆ ಆ ಅಧಿಕಾರ ಕೊಟ್ಟ ಆದೇಶ. ಫೋನ್ ಕದ್ದಾಲಿಕೆಗೆ ಆಧಾರವಾದ 2023ರ ದೂರಸಂಪರ್ಕ ಕಾಯ್ದೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 17ನೇ ಸೆಕ್ಷನ್, ಇದು ಸರ್ಕಾರ ಅಧಿಸೂಚನೆ ಹೊರಡಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ.

ಆಮೇಲೆ ಬರುವುದು ಯೋಗ್ಯತೆಯ ಪ್ರಶ್ನೆ: ಇದನ್ನು ಬರೆಯುವ ಅಧಿಕಾರ ಯಾರಿಗೆ? ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ ಹಂಚುವ, ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 8ನೇ ನಮೂದು ಕೇಂದ್ರ ಗುಪ್ತಚರ ಮತ್ತು ತನಿಖಾ ಬ್ಯೂರೋಗೆ ಸೇರಿದ್ದು. 'ತನಿಖೆ' ಎಂಬ ಮಾತು ಅಲ್ಲಿ ಯಾಕೆ ಎಂದು ಸಂವಿಧಾನ ಸಭೆಯಲ್ಲಿ 1949ರಲ್ಲೇ ಪ್ರಶ್ನೆ ಬಂದಿತ್ತು. ಅಪರಾಧದ ತನಿಖೆ ಪೊಲೀಸರ ಕೆಲಸ, ಇಲ್ಲಿ ಆ ಅರ್ಥವಿಲ್ಲ ಎಂದು ಅಂಬೇಡ್ಕರ್ ಸ್ಪಷ್ಟಪಡಿಸಿದ್ದರು. ಆ ಚರ್ಚೆಯನ್ನು ತಪ್ಪದೆ ಓದಿ. ಬಂಧನದ ಅಧಿಕಾರವನ್ನು ನಿಮ್ಮ ಮಸೂದೆಯಲ್ಲಿ ತುರುಕುವ ಆಸೆ ಬಂದಾಗ ಅದು ಕೈ ಹಿಡಿದು ನಿಲ್ಲಿಸುತ್ತದೆ. ಐಬಿಗೆ ಬಂಧಿಸುವ ಅಧಿಕಾರ ಇವತ್ತೂ ಇಲ್ಲ, ಅದು ಹಾಗೇ ಇರಲಿ. ಕದ್ದು ಕೇಳುವವರೇ ಹಿಡಿದು ಒಳಗೆ ಹಾಕುವವರೂ ಆದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿವೆ. ಹಾಗಾಗಿ ಬೆಂಗಳೂರಿನಲ್ಲಿ ಕೂತು ಮುಖ್ಯಮಂತ್ರಿಗೆ ವರದಿ ಕೊಡುವ ರಾಜ್ಯ ಗುಪ್ತಚರ ವಿಭಾಗವನ್ನು ಕೇಂದ್ರದ ಈ ಮಸೂದೆಯೊಳಗೆ ಎಳೆಯಬೇಡಿ. ಅದಕ್ಕೆ ವಿಧಾನಸಭೆ ಬೇರೆ ಕಾಯ್ದೆ ಮಾಡಬೇಕು.

ಹಂತ 2: ಅಳತೆ ನಿರ್ಧರಿಸಿ

ಒಂದೊಂದು ಸಂಸ್ಥೆಗೆ ಒಂದೊಂದು ಕಾಯ್ದೆಯೋ, ಎಲ್ಲಕ್ಕೂ ಸೇರಿ ಒಂದೋ? ಬ್ರಿಟನ್ ಮೊದಲು ತನ್ನ ಒಳನಾಡಿನ ಗುಪ್ತಚರ ಸಂಸ್ಥೆ ಎಂಐ5ಗೆ 1989ರಲ್ಲಿ ಬೇರೆಯಾಗಿ ಬರೆಯಿತು. ಆಮೇಲೆ 1994ರಲ್ಲಿ ಹೊರದೇಶಗಳ ಕೆಲಸ ನೋಡುವ ಎಂಐ6 ಮತ್ತು ಸಂವಹನ ಕದ್ದಾಲಿಸುವ ಜಿಸಿಎಚ್‌ಕ್ಯೂಗೆ ಸೇರಿಸಿ ಇನ್ನೊಂದು. 1989ರ ಆ ಕಾಯ್ದೆಯನ್ನು ಒಮ್ಮೆ ತೆರೆದು ನೋಡಿ, ಇರುವುದು ಬರೀ ಏಳು ಸೆಕ್ಷನ್. ದಪ್ಪ ಮಸೂದೆ ಬರೆದರೆ ಗಟ್ಟಿ ಎಂಬ ಭ್ರಮೆ ಹೋಗುತ್ತದೆ.

ನನ್ನ ಸಲಹೆ: ಒಳನಾಡಿನ ಸಂಸ್ಥೆಗೆ ಬೇರೆ, ಹೊರದೇಶದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಬೇರೆ. ಒಂದು ಸ್ವಂತ ನಾಗರಿಕರ ಮೇಲೆ ಕಣ್ಣಿಡುತ್ತದೆ, ಇನ್ನೊಂದು ಬೇರೆ ದೇಶದ ಕಾನೂನು ಮುರಿದೇ ಕೆಲಸ ಮಾಡುತ್ತದೆ. ಇಬ್ಬರಿಗೂ ಒಂದೇ ಮಾತು ಹೊಂದುವುದಿಲ್ಲ. ಮೇಲ್ವಿಚಾರಣೆಯ ಅಧ್ಯಾಯ ಮಾತ್ರ ಎರಡಕ್ಕೂ ಒಂದೇ ಇರಲಿ.

ಹಂತ 3: ಕೆಲಸ ಯಾವುದು ಎಂದು ಬರೆಯಿರಿ

ಇಡೀ ಕಾಯ್ದೆಯ ಬೆನ್ನೆಲುಬು ಇದು. ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಸಾಮಾನ್ಯವಾಗಿ ಮೊದಲ ಕರಡು ಹೀಗಿರುತ್ತದೆ:

"ಬ್ಯೂರೋ ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಮಾಹಿತಿಯನ್ನು ಸಂಗ್ರಹಿಸತಕ್ಕದ್ದು ಮತ್ತು ಸರ್ಕಾರವು ಕಾಲಕಾಲಕ್ಕೆ ವಹಿಸುವ ಇತರ ಕಾರ್ಯಗಳನ್ನು ನಿರ್ವಹಿಸತಕ್ಕದ್ದು."

ಓದಲು ಎಷ್ಟು ಸಹಜವಾಗಿದೆ ಅಲ್ವಾ? ತೊಂದರೆ ಕೊನೆಯ ನಾಲ್ಕೈದು ಪದಗಳಲ್ಲಿದೆ. 'ಕಾಲಕಾಲಕ್ಕೆ', 'ಇತರ ಕಾರ್ಯ'. ಮುಂದಿನ ಚುನಾವಣೆಯಲ್ಲಿ ಯಾವ ಕ್ಷೇತ್ರ ಯಾರಿಗೆ ಎಂದು ಅಂದಾಜು ಹಾಕುವುದೂ ಇದರೊಳಗೆ ಕೂರುತ್ತದೆ. ಸ್ವಂತ ಪಕ್ಷದ ಭಿನ್ನಮತೀಯ ಶಾಸಕರು ಯಾವ ರೆಸಾರ್ಟ್‌ನಲ್ಲಿದ್ದಾರೆ ಎಂದು ನೋಡುವುದೂ ಕೂರುತ್ತದೆ.

ಅಮೆರಿಕ ಇದೇ ಹಾದಿ ಹಿಡಿದು ಪಾಠ ಕಲಿತಿದೆ. 1947ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಸಿಐಎಯ ಕೆಲಸಗಳ ಪಟ್ಟಿಯ ಕೊನೆಗೆ, ಅಲ್ಲಿನ ರಾಷ್ಟ್ರೀಯ ಭದ್ರತಾ ಮಂಡಳಿ ಆಗಾಗ ಸೂಚಿಸುವ ಇತರ ಕೆಲಸಗಳು ಎಂಬ ಅರ್ಥದ ಒಂದು ಸಾಲಿತ್ತು. ಪರದೇಶಗಳಲ್ಲಿ ಸಿಐಎ ನಡೆಸಿದ ರಹಸ್ಯ ಕಾರ್ಯಾಚರಣೆಗಳಿಗೆಲ್ಲ ಆ ಒಂದು ಸಾಲನ್ನೇ ಆಧಾರವಾಗಿ ತೋರಿಸಲಾಯಿತು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ಕೂತು ಕೆದಕಿದಾಗ ಪರದೇಶದ ನಾಯಕರ ಹತ್ಯೆಯ ಸಂಚುಗಳವರೆಗೆ ಕಥೆ ಹೊರಬಂತು.

ಕೆನಡಾ 1984ರ ತನ್ನ ಕಾಯ್ದೆಯಲ್ಲಿ ಬೇರೆ ದಾರಿ ಹಿಡಿಯಿತು. ದೇಶದ ಭದ್ರತೆಗೆ 'ಬೆದರಿಕೆ' ಎಂದರೆ ಏನು ಎಂದು ವ್ಯಾಖ್ಯಾನ ಕೊಟ್ಟಿತು: ಬೇಹುಗಾರಿಕೆ ಮತ್ತು ವಿಧ್ವಂಸಕ ಕೃತ್ಯ, ಗುಟ್ಟಾಗಿ ನಡೆಯುವ ವಿದೇಶಿ ಪ್ರಭಾವ, ರಾಜಕೀಯ ಉದ್ದೇಶದ ಗಂಭೀರ ಹಿಂಸೆ, ಹೀಗೆ. ಕಾನೂನುಬದ್ಧ ಪ್ರತಿಭಟನೆ, ಭಿನ್ನಮತ ಇವು ತಾವಾಗಿಯೇ ಬೆದರಿಕೆಯಾಗುವುದಿಲ್ಲ ಎಂದೂ ಅಲ್ಲೇ ಬರೆಯಿತು. ಅಗತ್ಯವಿದ್ದಷ್ಟೇ ಮಾಹಿತಿ ಸಂಗ್ರಹಿಸಬೇಕು ಎಂಬ ಮಿತಿಯನ್ನೂ ಹಾಕಿತು. ಇವೆಲ್ಲವನ್ನೂ ಸೇರಿಸಿ ನಮ್ಮ ಕರಡನ್ನು ತಿದ್ದಿದರೆ:

"(1) ಈ ಕೆಳಗಿನ ಬೆದರಿಕೆಗಳ ಕುರಿತು, ಕಟ್ಟುನಿಟ್ಟಾಗಿ ಅಗತ್ಯವಿರುವಷ್ಟು ಮಟ್ಟಿಗೆ ಮಾತ್ರ, ಮಾಹಿತಿ ಸಂಗ್ರಹಿಸಿ, ವಿಶ್ಲೇಷಿಸಿ, ಸರ್ಕಾರಕ್ಕೆ ವರದಿ ಮಾಡುವುದು ಬ್ಯೂರೋದ ಕಾರ್ಯವಾಗಿರತಕ್ಕದ್ದು: (ಅ) ಬೇಹುಗಾರಿಕೆ ಮತ್ತು ವಿಧ್ವಂಸಕ ಕೃತ್ಯ, (ಆ) ಭಯೋತ್ಪಾದನೆ, (ಇ) ಗುಟ್ಟಾಗಿ ಅಥವಾ ಬೆದರಿಸಿ ನಡೆಸುವ ವಿದೇಶಿ ಹಸ್ತಕ್ಷೇಪ, (ಈ) ಹಿಂಸೆಯ ಮೂಲಕ ಸಾಂವಿಧಾನಿಕ ಸರ್ಕಾರವನ್ನು ಉರುಳಿಸುವ ಯತ್ನ.

(2) ಕಾನೂನುಬದ್ಧ ಪ್ರತಿಭಟನೆ, ಭಿನ್ನಮತ, ಮುಷ್ಕರ ಅಥವಾ ಪತ್ರಿಕಾ ವೃತ್ತಿಯು ತಾನಾಗಿಯೇ (1)ನೇ ಉಪ-ಸೆಕ್ಷನ್ನಿನ ಬೆದರಿಕೆಯಾಗತಕ್ಕದ್ದಲ್ಲ.

(3) ಯಾವುದೇ ರಾಜಕೀಯ ಪಕ್ಷದ ಹಿತಕ್ಕಾಗಿ ಬ್ಯೂರೋ ಯಾವ ಕೆಲಸವನ್ನೂ ಮಾಡದಂತೆ ನೋಡಿಕೊಳ್ಳುವುದು ನಿರ್ದೇಶಕರ ವೈಯಕ್ತಿಕ ಹೊಣೆಯಾಗಿರತಕ್ಕದ್ದು."

ಮೂರನೆಯದರ ಬೇರು ಎಂಐ5 ಕಾಯ್ದೆಯಲ್ಲಿದೆ. 'ವೈಯಕ್ತಿಕ ಹೊಣೆ' ಎಂಬುದನ್ನು ನಾನು ಸೇರಿಸಿದ್ದು. 'ಇತರ ಕಾರ್ಯ' ಪೂರ್ತಿ ಹೋಯಿತು, ಗಮನಿಸಿ. ನಾಳೆ ಹೊಸ ಬೆದರಿಕೆ ಬಂದರೆ ಏನು ಮಾಡುವುದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಿದ್ದುಪಡಿ ಮಾಡುವುದು, ಅಷ್ಟೇ. ಸಂಸತ್ತು ಇರುವುದೇ ಅದಕ್ಕೆ.

ಹಂತ 4: ಮುಖ್ಯಸ್ಥರು, ಮತ್ತು ಬಾಯಿಮಾತಿನ ಆದೇಶ

ನೇಮಕ ಮಾಡುವವರು ಯಾರು, ಅವಧಿ ಎಷ್ಟು, ಕಿತ್ತುಹಾಕುವುದು ಹೇಗೆ. ಮೂರನ್ನೂ ಬರೆಯಿರಿ. ಸುಪ್ರೀಂ ಕೋರ್ಟಿನ 1997ರ ವಿನೀತ್ ನಾರಾಯಣ್ ತೀರ್ಪಿನ ನಂತರ ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷದ ಅವಧಿ ಸಿಕ್ಕಿತು. 2021ರಲ್ಲಿ ಅದನ್ನು ವರ್ಷ ವರ್ಷ ವಿಸ್ತರಿಸಿ ಒಟ್ಟು ಐದರವರೆಗೆ ಒಯ್ಯಲು ತಿದ್ದುಪಡಿ ಬಂತು. ವರ್ಷ ವರ್ಷ ವಿಸ್ತರಣೆಗೆ ಕಾಯುವ ಮುಖ್ಯಸ್ಥ ಯಾರ ಮುಖ ನೋಡಿಕೊಂಡು ಕೆಲಸ ಮಾಡುತ್ತಾನೆ? ಹಾಗಾಗಿ ಒಂದೇ ಅವಧಿ ಇರಲಿ, ನಾಲ್ಕು ವರ್ಷ ಎನ್ನಿ, ವಿಸ್ತರಣೆ ಬೇಡ.

ಆಸ್ಟ್ರೇಲಿಯಾದ 1979ರ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಗುಪ್ತಚರ ಸಂಸ್ಥೆಯ ಮುಖ್ಯಸ್ಥರು ವಿರೋಧ ಪಕ್ಷದ ನಾಯಕರ ಜೊತೆ ನಿಯಮಿತವಾಗಿ ಸಮಾಲೋಚನೆ ನಡೆಸಬೇಕು. ಒಂದೇ ಸಾಲು, ಖರ್ಚಿಲ್ಲ. ಇವತ್ತಿನ ವಿರೋಧ ಪಕ್ಷವೇ ನಾಳಿನ ಸರ್ಕಾರ ಎಂದು ಸಂಸ್ಥೆಗೆ ನೆನಪಿಸುತ್ತಾ ಇರುತ್ತದೆ. ನಕಲು ಮಾಡಲು ಸಂಕೋಚ ಬೇಡ.

ಇನ್ನು ಬಾಯಿಮಾತು. ಗುಪ್ತಚರ ಆಡಳಿತದ ದೊಡ್ಡ ರೋಗ ಇದು. ಫೋನಿನಲ್ಲಿ ಹೇಳುತ್ತಾರೆ, ಕೆಲಸ ಆಗುತ್ತದೆ, ಕಾಗದ ಇರುವುದಿಲ್ಲ. ಸರ್ಕಾರಿ ಅಧಿಕಾರಿಗಳು ಮೌಖಿಕ ಸೂಚನೆಗಳನ್ನು ದಾಖಲಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2013ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಸೆಕ್ಷನ್ ಮಾಡಿ: ಸಚಿವರ ಮೌಖಿಕ ಸೂಚನೆಯನ್ನು 48 ಗಂಟೆಯೊಳಗೆ ಬರಹಕ್ಕಿಳಿಸಬೇಕು, ಸಚಿವರು ಸಹಿ ಹಾಕದಿದ್ದರೆ ನಿರ್ದೇಶಕರು ತಾವೇ ಟಿಪ್ಪಣಿ ಬರೆದು ಇಂತಿಂಥವರು ಇಂತಿಂಥ ದಿನ ಹೇಳಿದರು ಎಂದು ಫೈಲಿಗೆ ಹಾಕಬೇಕು, ಆ ಫೈಲಿನ ಪಟ್ಟಿ ಮೂರು ತಿಂಗಳಿಗೊಮ್ಮೆ ಇನ್‌ಸ್ಪೆಕ್ಟರ್ ಜನರಲ್ ಮುಂದೆ ಹೋಗಬೇಕು. ಈ ಇನ್‌ಸ್ಪೆಕ್ಟರ್ ಜನರಲ್ ಯಾರು ಎಂಬುದು ಮುಂದೆ ಬರುತ್ತದೆ.

ಹಂತ 5: ಸಿಬ್ಬಂದಿ

ಇದರಲ್ಲಿ ಬಹುಪಾಲು ಕಾಯ್ದೆಗಿಂತ ನಿಯಮಗಳಿಗೆ ಸೇರಿದ್ದು. ಕಾಯ್ದೆಯಲ್ಲಿ ಇರಲೇಬೇಕಾದ್ದು ಎರಡು. ಒಂದು, ಸಂವಿಧಾನದ 311ನೇ ವಿಧಿಯ ಎರಡನೇ ಖಂಡ ದೇಶದ ಭದ್ರತೆಯ ಕಾರಣ ಕೊಟ್ಟು ವಿಚಾರಣೆಯಿಲ್ಲದೆ ನೌಕರನನ್ನು ವಜಾ ಮಾಡಲು ಬಿಡುತ್ತದೆ. ಕಾಯ್ದೆ ಅದನ್ನು ಕಿತ್ತುಹಾಕಲಾರದು. ಆದರೆ ಹಾಗೆ ವಜಾ ಆದ ಪ್ರತಿ ಪ್ರಕರಣವೂ ಮೇಲ್ವಿಚಾರಣಾ ಸಂಸ್ಥೆಗೆ ತಿಳಿಯಬೇಕು ಎಂದು ಬರೆಯಬಹುದು. ಎರಡು, ಒಳಗಿನ ತಪ್ಪನ್ನು ಹೇಳಲು ಒಳಗೇ ಒಂದು ಬಾಗಿಲು. ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಹೇಳುವಂತಿಲ್ಲ, ಮೇಲಧಿಕಾರಿಯೇ ತಪ್ಪು ಮಾಡುತ್ತಿದ್ದಾರೆ. ಆಗ ಕೆಳಗಿನ ಅಧಿಕಾರಿ ಎಲ್ಲಿಗೆ ಹೋಗಬೇಕು? ನೇರವಾಗಿ ಇನ್‌ಸ್ಪೆಕ್ಟರ್ ಜನರಲ್ ಬಳಿ ಹೋಗಬಹುದು, ಹಾಗೆ ಹೋಗುವುದು ರಹಸ್ಯ ಕಾಯ್ದೆಯಡಿ ಅಪರಾಧವಲ್ಲ ಎಂದು ಬಿಡಿಸಿ ಬರೆಯಿರಿ.

ಹಂತ 6: ದುಡ್ಡು

ಆಡಳಿತ ಎಂದರೆ ಅರ್ಧಕ್ಕರ್ಧ ದುಡ್ಡಿನ ಲೆಕ್ಕ. ಇದನ್ನು ಹಾರಿಸಿ ಹೋಗುವ ಕರಡುಗಳೇ ಜಾಸ್ತಿ.

ಸಿಐಎಯ ಆಡಳಿತಕ್ಕೆಂದೇ ಅಮೆರಿಕ 1949ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ಪ್ರಕಾರ ಸಂಸ್ಥೆ ತನ್ನ ನೌಕರರ ಹೆಸರು, ಹುದ್ದೆ, ಸಂಬಳ, ಸಂಖ್ಯೆ ಯಾವುದನ್ನೂ ಬಹಿರಂಗಪಡಿಸಬೇಕಿಲ್ಲ. ಗೋಪ್ಯ ಸ್ವರೂಪದ ಖರ್ಚುಗಳಿಗೆ ನಿರ್ದೇಶಕರ ಪ್ರಮಾಣಪತ್ರವೇ ಸಾಕಷ್ಟು ವೋಚರ್. ಅಂದರೆ ಖರ್ಚು ಮಾಡಿದವರೇ 'ಮಾಡಿದ್ದೇನೆ' ಎಂದು ಸಹಿ ಹಾಕಿದರೆ ಲೆಕ್ಕ ಮುಗಿಯಿತು. ವಿಲಿಯಂ ರಿಚರ್ಡ್‌ಸನ್ ಎಂಬ ತೆರಿಗೆದಾರ ಇದನ್ನು ಪ್ರಶ್ನಿಸಿದಾಗ, ಇದನ್ನು ಕೇಳುವ ಅರ್ಹತೆ ಆತನಿಗಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ ಬಾಗಿಲು ಮುಚ್ಚಿತು.

ನಮ್ಮಲ್ಲೂ 'ರಹಸ್ಯ ಸೇವಾ ವೆಚ್ಚ' ಎಂಬ ಬಾಬ್ತು ಕೇಂದ್ರದಲ್ಲೂ ರಾಜ್ಯಗಳಲ್ಲೂ ಇದೆ. ಇದಕ್ಕೆ ಮಾಮೂಲಿ ವೋಚರ್ ಆಡಿಟ್ ಇಲ್ಲ, ನಿಯೋಜಿತ ಅಧಿಕಾರಿಯ ಪ್ರಮಾಣಪತ್ರ ಲೆಕ್ಕಪರಿಶೋಧಕರಿಗೆ ಹೋಗುತ್ತದೆ. ಇದಕ್ಕೆ ಕಾರಣವೂ ಇದೆ. ಗಡಿಯಾಚೆಯ ಮಾಹಿತಿದಾರನಿಗೆ ಕೊಟ್ಟ ದುಡ್ಡಿಗೆ ರಸೀದಿ ಕೇಳಿದರೆ ಅವನ ತಲೆ ಹೋಗುತ್ತದೆ. ತೊಂದರೆ ಬರುವುದು ಬೇರೆ ಖರ್ಚುಗಳೂ ಈ ಬಾಬ್ತಿನೊಳಗೆ ನುಸುಳಿದಾಗ. ಮನೆಯ ಲೆಕ್ಕದ ಪುಸ್ತಕದಲ್ಲಿ 'ಚಿಲ್ಲರೆ ಖರ್ಚು' ಎಂದು ಬರೆದು ಅರ್ಧ ಸಂಬಳವನ್ನು ಅಲ್ಲಿ ಸೇರಿಸಿದ ಹಾಗೆ.

ಪರಿಹಾರ, ಬಾಬ್ತನ್ನು ಸೀಳುವುದು:

"(1) ಬ್ಯೂರೋದ ಮಂಜೂರಾತಿಯು ಸಾಮಾನ್ಯ ವೆಚ್ಚ ಮತ್ತು ಸಂರಕ್ಷಿತ ವೆಚ್ಚ ಎಂಬ ಎರಡು ಭಾಗಗಳಲ್ಲಿರತಕ್ಕದ್ದು.

(2) ಮಾಹಿತಿದಾರರಿಗೆ ಮಾಡುವ ಪಾವತಿ, ಗುಪ್ತ ನೆಲೆಗಳ ಬಾಡಿಗೆ ಮತ್ತು ನಿರ್ವಹಣೆ, ಹಾಗೂ ಮರೆಯ ಗುರುತಿನಲ್ಲಿ ಕೆಲಸ ಮಾಡುವ ಸಿಬ್ಬಂದಿಯ ವೆಚ್ಚವನ್ನು ಹೊರತುಪಡಿಸಿ ಬೇರಾವುದನ್ನೂ ಸಂರಕ್ಷಿತ ವೆಚ್ಚಕ್ಕೆ ಹಾಕತಕ್ಕದ್ದಲ್ಲ.

(3) ನಿಯಂತ್ರಕ ಮತ್ತು ಮಹಾಲೇಖಪಾಲರು ಲಿಖಿತವಾಗಿ ಹೆಸರಿಸಿದ, ಭದ್ರತಾ ತಪಾಸಣೆ ಆದ ಅಧಿಕಾರಿಯು ಸಂರಕ್ಷಿತ ವೆಚ್ಚದ ಮೂಲ ದಾಖಲೆಗಳನ್ನು ಬ್ಯೂರೋದ ಕಚೇರಿಯಲ್ಲೇ ಕೂತು ಪರಿಶೀಲಿಸತಕ್ಕದ್ದು.

(4) ಕದ್ದಾಲಿಕೆ ಅಥವಾ ಕಂಪ್ಯೂಟರ್ ಪ್ರವೇಶದ ಉಪಕರಣ, ತಂತ್ರಾಂಶಗಳ ಖರೀದಿಯನ್ನು ಸಂರಕ್ಷಿತ ವೆಚ್ಚಕ್ಕೆ ಹಾಕತಕ್ಕದ್ದಲ್ಲ. ಅಂಥ ಪ್ರತಿ ಖರೀದಿಯನ್ನೂ 30 ದಿನದೊಳಗೆ ಸಂಸದೀಯ ಸಮಿತಿಗೆ ತಿಳಿಸತಕ್ಕದ್ದು."

ನಾಲ್ಕನೆಯದು ಯಾಕೆ ಬೇಕು ಎನ್ನುವವರು ಫೋನಿನೊಳಗೆ ನುಸುಳುವ ಬೇಹು ತಂತ್ರಾಂಶ ಪೆಗಾಸಸ್‌ನ ಪ್ರಕರಣ ನೆನಪಿಸಿಕೊಳ್ಳಿ. ಆ ತಂತ್ರಾಂಶ ಕೊಂಡಿದ್ದೀರಾ ಇಲ್ಲವಾ ಎಂಬ ಸರಳ ಪ್ರಶ್ನೆಗೆ ನೇರ ಉತ್ತರ ಸಿಗದೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲುಸ್ತುವಾರಿಯಲ್ಲಿ ಸಮಿತಿ ಮಾಡಬೇಕಾಯಿತು. ಖರೀದಿಯ ಕಾಗದ ಮೊದಲೇ ಯಾರದ್ದಾದರೂ ಮೇಜಿಗೆ ಹೋಗುವ ಏರ್ಪಾಟಿದ್ದಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಹಂತ 7: ಕದ್ದಾಲಿಕೆಗೆ ಸಹಿ ಯಾರದ್ದು?

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆ ವಿವಾದದಲ್ಲೇ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ತೀರ್ಪಿನ ಮೊದಲ ಪರೀಕ್ಷೆಯೇ 'ಕಾನೂನು ಇದೆಯಾ?' ಎಂಬುದು. ಆಮೇಲೆ ಉದ್ದೇಶ ಸರಿಯಿದೆಯಾ, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇದೆಯಾ ಎಂಬುದು.

ಈಗಿನ ವ್ಯವಸ್ಥೆ ಹೀಗಿದೆ. 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಹಾಕಿಕೊಟ್ಟಿತು. ಅದೇ ಮುಂದೆ ಟೆಲಿಗ್ರಾಫ್ ನಿಯಮ 419ಎ ಆಯಿತು. ಈಗ 2024ರ ಡಿಸೆಂಬರ್‌ನ ಹೊಸ ನಿಯಮಗಳು ಅದರ ಜಾಗದಲ್ಲಿವೆ. ಗೃಹ ಕಾರ್ಯದರ್ಶಿ ಆದೇಶ ಹೊರಡಿಸುತ್ತಾರೆ. ಆದೇಶ 60 ದಿನ ನಡೆಯುತ್ತದೆ, ಹೆಚ್ಚೆಂದರೆ 180. ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿ ಎರಡು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿತು: ಪರಿಶೀಲನಾ ಸಮಿತಿಯ ಪ್ರತಿ ಸಭೆಯ ಮುಂದೆ 15,000ದಿಂದ 18,000 ಆದೇಶಗಳು ಬರುತ್ತವೆ. ಒಂದಕ್ಕೆ ಒಂದೇ ನಿಮಿಷ ಎಂದು ಹಿಡಿಯಿರಿ. 15,000ಕ್ಕೆ 250 ಗಂಟೆ. ಹಗಲು ರಾತ್ರಿ ನಿದ್ದೆಯಿಲ್ಲದೆ ಕೂತರೂ ಹತ್ತು ದಿನ. ಸಂಪುಟ ಕಾರ್ಯದರ್ಶಿಗೆ ಬೇರೆ ಕೆಲಸವೂ ಇರುತ್ತದೆ. ಸಹಿ ಹಾಕುವವರು, ಪರಿಶೀಲಿಸುವವರು ಇಬ್ಬರೂ ಒಂದೇ ಸರ್ಕಾರದ ಕಾರ್ಯದರ್ಶಿಗಳು ಎಂಬುದು ಬೇರೆ ಮಾತು.

ಕೆನಡಾದಲ್ಲಿ ವಾರಂಟ್ ಕೊಡುವುದು ಫೆಡರಲ್ ಕೋರ್ಟಿನ ನ್ಯಾಯಾಧೀಶರು. ಬ್ರಿಟನ್ 2016ರ ಕಾಯ್ದೆಯಲ್ಲಿ ಎರಡು ಬೀಗದ ಪದ್ಧತಿ ತಂದಿತು: ಸಚಿವರ ಸಹಿ ಒಂದು, ಅದನ್ನು ಒಪ್ಪುವ ನ್ಯಾಯಿಕ ಆಯುಕ್ತರ ಸಹಿ ಇನ್ನೊಂದು. ತುರ್ತು ಇದ್ದರೆ ಮೊದಲು ಕದ್ದಾಲಿಕೆ, ಮೂರನೇ ಕೆಲಸದ ದಿನ ಮುಗಿಯುವುದರೊಳಗೆ ಆಯುಕ್ತರ ತೀರ್ಮಾನ. ನಮಗೆ ಬ್ರಿಟಿಷ್ ಮಾದರಿಯೇ ಹೊಂದುತ್ತದೆ ಎಂದು ನನ್ನ ಅನಿಸಿಕೆ. ಸಚಿವರು ಸಹಿ ಹಾಕಿದರೆ ಸದನದಲ್ಲಿ ಅವರನ್ನೇ ಕೇಳಬಹುದು, ನ್ಯಾಯಾಧೀಶರನ್ನು ಕೇಳಲಾಗುವುದಿಲ್ಲ. ಎರಡೂ ಬೇಕು. ಜೊತೆಗೆ ಕಾಯ್ದೆಯಲ್ಲೇ ಬರೆಯಿರಿ: ಒಂದೊಂದು ಆದೇಶಕ್ಕೂ ಆ ವ್ಯಕ್ತಿಗೇ ಸಂಬಂಧಿಸಿದ ಕಾರಣ ಬೇಕು, ಕಾರ್ಬನ್ ಪ್ರತಿ ಕಾರಣ ನಡೆಯದು, ಆಯುಕ್ತರು ನಿರಾಕರಿಸಿದರೆ ಸಂಗ್ರಹಿಸಿದ್ದನ್ನು ಅಳಿಸಬೇಕು, ವರ್ಷಕ್ಕೆ ಎಷ್ಟು ಆದೇಶ, ಎಷ್ಟು ನಿರಾಕರಣೆ ಎಂಬ ಸಂಖ್ಯೆ ಸಂಸತ್ತಿನ ಮುಂದೆ ಬರಬೇಕು. ಸಂಖ್ಯೆ ಹೇಳಿದರೆ ಯಾವ ಭಯೋತ್ಪಾದಕನಿಗೂ ಉಪಕಾರವಾಗುವುದಿಲ್ಲ.

ಹಂತ 8: ಕಾಯುವವರನ್ನು ಕಾಯುವವರು

ಮೂರು ಪದರ ಸಾಕು.

ಒಳಗೆ, ಸಂಸ್ಥೆಯ ಕೆಲಸ ಕಾನೂನಿನಂತೆ ನಡೆಯುತ್ತಿದೆಯಾ ಎಂದು ಪರಿಶೀಲಿಸುವ ಇನ್‌ಸ್ಪೆಕ್ಟರ್ ಜನರಲ್. ಆಸ್ಟ್ರೇಲಿಯಾ 1986ರಲ್ಲೇ ಈ ಹುದ್ದೆಗೆ ಪ್ರತ್ಯೇಕ ಕಾಯ್ದೆ ಮಾಡಿತು. ನಮ್ಮಲ್ಲಿ ಇದು ಪೊಲೀಸ್ ಹುದ್ದೆಯ ಹೆಸರೂ ಆಗಿರುವುದರಿಂದ ಬೇಕಾದರೆ ಬೇರೆ ಹೆಸರಿಡಿ. ಯಾವುದೇ ಕಚೇರಿಗೆ ಹೋಗಬಹುದು, ಯಾವುದೇ ಫೈಲು ತೆಗೆಸಬಹುದು ಎಂಬ ಅಧಿಕಾರ ಮುಖ್ಯ. ನಿವೃತ್ತಿಯ ನಂತರ ಸರ್ಕಾರಿ ಹುದ್ದೆ ಇಲ್ಲ ಎಂಬ ಷರತ್ತೂ ಮುಖ್ಯ.

ಹೊರಗೆ, ಸಂಸದೀಯ ಸಮಿತಿ. 2010ರಲ್ಲಿ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಆರ್.ಎನ್. ಕಾವ್ ಸ್ಮಾರಕ ಉಪನ್ಯಾಸದಲ್ಲೇ ಇದು ಬೇಕು ಎಂದಿದ್ದರು. 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಸದಸ್ಯರ (ಅಂದರೆ ಮಂತ್ರಿಯಲ್ಲದ ಸಂಸದರ) ಮಸೂದೆ ತಂದು ಮೇಲ್ವಿಚಾರಣಾ ಸಮಿತಿ, ನ್ಯಾಯಮಂಡಳಿ, ದೂರು ವಿಚಾರಿಸುವ ಓಂಬುಡ್ಸ್‌ಮನ್ ಮೂರನ್ನೂ ಪ್ರಸ್ತಾಪಿಸಿದರು. ಅವರು ಮಂತ್ರಿಯಾದ ಮೇಲೆ ಅದು ಅಲ್ಲಿಗೇ ನಿಂತಿತು. ಆ ಮಸೂದೆ ಒಳ್ಳೆಯ ಆರಂಭ, ತೆಗೆದು ಓದಿ. ಆದರೆ ಅದರ ಸಮಿತಿಯಲ್ಲಿ ಪ್ರಧಾನಿಗೂ ಗೃಹ ಸಚಿವರಿಗೂ ಜಾಗ ಇತ್ತು. ಆದೇಶ ಕೊಡುವವರೇ ಪರಿಶೀಲಿಸುವವರ ಸಾಲಿನಲ್ಲಿ ಕೂತರೆ ಹೇಗೆ? ಬ್ರಿಟನ್ನಿನ ಸಮಿತಿಯಲ್ಲಿ ಎರಡೂ ಸದನಗಳಿಂದ ಒಂಬತ್ತು ಜನ, ಮಂತ್ರಿಗಳಿಗೆ ಪ್ರವೇಶವಿಲ್ಲ, ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ.

ಬ್ರಿಟನ್ನಿನಲ್ಲೂ ಒಂದು ತೂತು ಉಳಿದಿದೆ. ರಷ್ಯಾದ ಹಸ್ತಕ್ಷೇಪದ ಬಗ್ಗೆ ಆ ಸಮಿತಿಯ ವರದಿ 2019ರ ಅಕ್ಟೋಬರ್‌ನಲ್ಲಿ ಪ್ರಧಾನಿಗೆ ಹೋಯಿತು. ನಡುವೆ ಒಂದು ಸಾರ್ವತ್ರಿಕ ಚುನಾವಣೆಯೇ ಆಗಿಹೋಯಿತು. ವರದಿ ಹೊರಬಂದಿದ್ದು 2020ರ ಜುಲೈ 21ರಂದು. ಹಾಗಾಗಿ ನಿಮ್ಮ ಕರಡಿನಲ್ಲಿ ಗಡುವು ಹಾಕಿ: ವರದಿ ಪ್ರಧಾನಿಗೆ ತಲುಪಿದ 60 ದಿನದೊಳಗೆ ಯಾವ ಭಾಗ ತೆಗೆಯಬೇಕು ಎಂದು ಲಿಖಿತವಾಗಿ ಹೇಳದಿದ್ದರೆ, ಅಧ್ಯಕ್ಷರು ಇದ್ದಂತೆಯೇ ಸದನದಲ್ಲಿ ಮಂಡಿಸಬಹುದು. ತೆಗೆದ ಜಾಗದಲ್ಲಿ ನಕ್ಷತ್ರ ಚಿಹ್ನೆ ಕಾಣಬೇಕು, ಬ್ರಿಟಿಷ್ ವರದಿಗಳಲ್ಲಿ ಹಾಗೇ ಇರುತ್ತದೆ. ಎಲ್ಲಿ ಎಷ್ಟು ಕತ್ತರಿ ಬಿದ್ದಿದೆ ಎಂದು ಓದುಗನಿಗೆ ಗೊತ್ತಾಗಬೇಕಲ್ಲ.

ಮೂರನೆಯದು ನಾಗರಿಕರ ದೂರಿಗೆ ನ್ಯಾಯಮಂಡಳಿ. ನನ್ನ ಫೋನ್ ಕದ್ದಾಲಿಸಿದ್ದಾರೆ ಎಂದು ಸಾಬೀತು ಮಾಡುವ ಹೊರೆ ದೂರುದಾರನ ಮೇಲೆ ಬೇಡ. ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಅನುಮಾನಕ್ಕೆ ಕಾರಣ ಇದ್ದರೆ ಸಾಕು, ಫೈಲು ತರಿಸಿ ನೋಡುವುದು ಮಂಡಳಿಯ ಕೆಲಸ.

ಹಂತ 9: ಮಸೂದೆಯ ಜೊತೆಗಿನ ಕಾಗದ ಮತ್ತು ದಾರಿ

ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಹಣಕಾಸು ಟಿಪ್ಪಣಿ, ನಿಯಮ ರಚನೆಯ ಅಧಿಕಾರ ಕುರಿತ ಟಿಪ್ಪಣಿ, ಇವು ಜೊತೆಗಿರಬೇಕು. ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ಖರ್ಚಾಗುವ ಮಸೂದೆಯಾದ್ದರಿಂದ ಸಂವಿಧಾನದ 117ನೇ ವಿಧಿಯ ಮೂರನೇ ಖಂಡದ ಪ್ರಕಾರ ರಾಷ್ಟ್ರಪತಿಗಳ ಶಿಫಾರಸೂ ಬೇಕು. ಸರ್ಕಾರವೇ ತಂದರೆ 2014ರ ನೀತಿಯಂತೆ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಖಾಸಗಿ ಸದಸ್ಯರು ತಂದರೆ ಶುಕ್ರವಾರ ಮಧ್ಯಾಹ್ನದ ಸರದಿ. ಸ್ವಾತಂತ್ರ್ಯಾನಂತರ ಹೀಗೆ ಬಂದು ಕಾಯ್ದೆಯಾದ ಮಸೂದೆಗಳು 14, ಕೊನೆಯದು 1970ರಲ್ಲಿ. ಪಾಸಾಗುತ್ತದೆ ಎಂದು ಕಾಯಬೇಡಿ. ಸರ್ಕಾರ ಉತ್ತರ ಕೊಡಲೇಬೇಕಾದ ಚರ್ಚೆ ಹುಟ್ಟಿದರೆ ಅದೇ ಲಾಭ.

ಕೊನೆಯ ಎರಡು ಸೆಕ್ಷನ್‌ಗಳಲ್ಲಿ ಜನ ಎಡವುತ್ತಾರೆ. ಒಂದು, ಹಳೆಯದನ್ನು ಉಳಿಸಿಕೊಳ್ಳುವ ಸೆಕ್ಷನ್. 2013ರ ನವೆಂಬರ್ 6ರಂದು ಗುವಾಹಟಿ ಹೈಕೋರ್ಟ್, 1963ರ ಬರೀ ಒಂದು ನಿರ್ಣಯದ ಮೇಲೆ ನಿಂತ ಸಿಬಿಐಗೆ ಕಾನೂನಿನ ಬಲವಿಲ್ಲ ಎಂದುಬಿಟ್ಟಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಬೇಕಾಯಿತು. ಹಾಗಾಗಿ ಈಗಿರುವ ಬ್ಯೂರೋ, ಅದರ ನೌಕರರು, ಆಸ್ತಿ, ಒಪ್ಪಂದ ಎಲ್ಲವೂ ಈ ಕಾಯ್ದೆಯಡಿಯ ಬ್ಯೂರೋಗೆ ಸೇರುತ್ತವೆ ಎಂದು ಬರೆಯಿರಿ. ಆದರೆ 'ಈ ಹಿಂದೆ ಮಾಡಿದ್ದೆಲ್ಲವೂ ಕಾನೂನುಬದ್ಧ' ಎಂದು ಬರೆಯಬೇಡಿ. ಸ್ಥಾಪನೆಗೆ ಕಾಯ್ದೆ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಕ್ರಮವೂ ಅಸಿಂಧುವಾಗುವುದಿಲ್ಲ, ಅಷ್ಟು ಸಾಕು.

ಇನ್ನೊಂದು, ಜಾರಿಯ ಸೆಕ್ಷನ್. "ಬೇರೆ ಬೇರೆ ಉಪಬಂಧಗಳನ್ನು ಬೇರೆ ಬೇರೆ ದಿನಾಂಕಗಳಿಂದ ಜಾರಿಗೆ ತರಬಹುದು" ಎಂದು ಕೈ ತಾನಾಗಿ ಬರೆದುಬಿಡುತ್ತದೆ, ಎಲ್ಲ ಮಸೂದೆಗಳಲ್ಲೂ ಇರುವ ಸಾಲು. ಇಲ್ಲಿ ಅದು ವಿಷ. ಅಧಿಕಾರ ಕೊಡುವ ಅಧ್ಯಾಯ ಮರುದಿನವೇ ಜಾರಿಯಾಗುತ್ತದೆ, ಮೇಲ್ವಿಚಾರಣೆಯ ಅಧ್ಯಾಯ ಕಪಾಟಿನಲ್ಲಿ ಉಳಿಯುತ್ತದೆ. ಭ್ರಷ್ಟಾಚಾರ ಬಯಲು ಮಾಡುವವರನ್ನು ರಕ್ಷಿಸುವ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ವರ್ಷಗಟ್ಟಲೆ ಜಾರಿಯ ಅಧಿಸೂಚನೆಯೇ ಹೊರಡಲಿಲ್ಲ. ನಿಮ್ಮ ಸೆಕ್ಷನ್ ಹೀಗಿರಲಿ:

"ಈ ಅಧಿನಿಯಮದ ಎಲ್ಲ ಉಪಬಂಧಗಳೂ ಒಂದೇ ದಿನಾಂಕದಿಂದ ಜಾರಿಗೆ ಬರತಕ್ಕದ್ದು, ಅಂಥ ದಿನಾಂಕವು ರಾಷ್ಟ್ರಪತಿಗಳ ಅಂಕಿತದಿಂದ 180 ದಿನಗಳನ್ನು ಮೀರತಕ್ಕದ್ದಲ್ಲ, ಮತ್ತು ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯು 90 ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಇದ್ದಲ್ಲಿ, ಆ ಹುದ್ದೆ ಭರ್ತಿಯಾಗುವವರೆಗೆ ಬ್ಯೂರೋ ಪರವಾಗಿ ಯಾವುದೇ ಹೊಸ ಕದ್ದಾಲಿಕೆ ಆದೇಶವನ್ನು ಹೊರಡಿಸತಕ್ಕದ್ದಲ್ಲ."

ಕೊನೆಯ ಭಾಗಕ್ಕೆ ಗೃಹ ಇಲಾಖೆಯಿಂದ ಆಕ್ಷೇಪ ಬಂದೇ ಬರುತ್ತದೆ. ಚೌಕಾಸಿಯಲ್ಲಿ 90ನ್ನು 120 ಮಾಡಬಹುದು. ಸಾಲನ್ನೇ ತೆಗೆಯಲು ಮಾತ್ರ ಒಪ್ಪಬೇಡಿ.